ಮುದ್ದೆ ನಿಂತ ಎಂಟು ತಿಂಗಳು

ಎಮ್ಮೆದೊಡ್ಡಿ ಕಾವಲಿನಲ್ಲಿ ಮಹಾರಾಜರ ದನ ಕಾಯುತ್ತಿದ್ದ ಚಿಕ್ಕಬೀರಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ, ಗಡಿಯಾರ ನೋಡಲು ಬರುತ್ತಿರಲಿಲ್ಲ, ಸಂತೆಯಲ್ಲಿ ಚೌಕಾಸಿ ಮಾಡಲಂತೂ ಬರುತ್ತಲೇ ಇರಲಿಲ್ಲ. ಬರುತ್ತಿದ್ದದ್ದು ಒಂದೇ ವಿದ್ಯೆ. ಹಸು ಗಬ್ಬವಾಗಿದೆಯೋ ಇಲ್ಲವೋ ಎಂಬುದನ್ನು ಇಪ್ಪತ್ತು ಮಾರು ದೂರ ನಿಂತು, ಎಲೆ ಅಡಿಕೆ ಅಗಿಯುತ್ತಲೇ ಹೇಳಿಬಿಡುತ್ತಿದ್ದ. ಅಮೃತಮಹಲ್ ದನವೆಂದರೆ ಮನೆ ದನವಲ್ಲ. ಮೈ ಸವರಿ ನೋಡೋಣ ಅಂತ ಹತ್ತಿರ ಹೋದವನನ್ನು ಕೊಂಬಿನ ಮೇಲೆತ್ತಿ ಆಚೆಗೆ ಒಗೆಯುವ ಜಾತಿ. ಹಾಗಾಗಿ ದೂರದಿಂದ ನೋಡಿ ಹೇಳುವವನಿಗೆ ಅಲ್ಲಿ ಬಲು ಮರ್ಯಾದೆ. ಮೂವತ್ತು ವರ್ಷದಲ್ಲಿ ಅವನ ಮಾತು ಒಂದು ಸಲವೂ ಸುಳ್ಳಾಗಿರಲಿಲ್ಲ. ಇದನ್ನು ಅವನೇ ದಿನಕ್ಕೆರಡು ಸಲ ಹೇಳುತ್ತಿದ್ದದ್ದರಿಂದ ಇಡೀ ಹಟ್ಟಿಗೆ ಗೊತ್ತಿತ್ತು.

ಇಂಥವನ ಮನೆ ಬಾಗಿಲಿಗೆ ಮಾರ್ಗಶಿರದ ಒಂದು ಬೆಳಿಗ್ಗೆ ಪಕ್ಕದ ಮನೆಯ ಕೆಂಚಪ್ಪ ಮುದ್ದೆ ಕೋಲು ಹಿಡಿದುಕೊಂಡು ಬಂದ. ಅವನ ಹೆಂಡತಿ ಹೊರಗೆ ಕೂತಿದ್ದಳು. ಹೆಂಗಸರು ತಿಂಗಳಿಗೆ ಮೂರು ದಿನ ಹಿತ್ತಲ ಚಪ್ಪರದಲ್ಲಿ ಕೂರುವುದು, ಆ ಮೂರು ದಿನ ಒಲೆ ಮುಟ್ಟದೆ ಇರುವುದು, ಮನೆಯಲ್ಲಿ ಇನ್ನೊಬ್ಬ ಹೆಂಗಸಿಲ್ಲದಿದ್ದರೆ ಗಂಡಸೇ ಬೇಯಿಸಿಕೊಳ್ಳುವುದು ಆ ಕಡೆಯ ರೂಢಿ. ಕೆಂಚಪ್ಪನ ತಾಯಿ ತೀರಿಕೊಂಡು ಇನ್ನೂ ತಿಂಗಳಷ್ಟೇ ಆಗಿತ್ತು, ಪಾಪ, ಅವನ ಪಾಲಿಗೆ ಒಲೆ ಹೊಸದು. ಮುದ್ದೆ ಗಂಟಾಗದ ಹಾಗೆ ತಿರುವುವುದು ಹೇಗೆ ಅಂತ ಕೇಳಲು ಬಂದಿದ್ದ.

ಚಿಕ್ಕಬೀರಪ್ಪನ ಮುದ್ದೆಯ ಒಂದೊಂದು ಗಂಟೂ ಹಟ್ಟಿಗೆಲ್ಲ ಪರಿಚಯ. ಆದರೂ ಬುದ್ಧಿ ಹೇಳು ಅಂತ ಯಾರಾದರೂ ಕೇಳಿದರೆ ಅವನು ಇಲ್ಲವೆಂದವನೇ ಅಲ್ಲ. ಗಂಟಲು ಸರಿ ಮಾಡಿಕೊಂಡು, ಆ ಮೂರು ದಿನಕ್ಕೆಂದೇ ಅಟ್ಟದ ಮೇಲೆ ಇಟ್ಟಿದ್ದ ತನ್ನ ಸಣ್ಣ ಮಡಕೆ ತರಲು ಒಳಗೆ ಹೋದ. ಮಡಕೆಯ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಒಳಗೆ ಹಲ್ಲಿಯ ಎರಡು ಮೊಟ್ಟೆ ಇದ್ದವು. ಚಿಕ್ಕಬೀರಪ್ಪ ಮಡಕೆ ಹಿಡಿದುಕೊಂಡು ಹಾಗೇ ನಿಂತ.

ತಾನು ಕಡೇ ಸಲ ಮುದ್ದೆ ತಿರುವಿದ್ದು ಯಾವಾಗ? ಯುಗಾದಿಯ ಮಾರನೇ ದಿನ. ಚೆನ್ನಾಗಿ ನೆನಪಿದೆ, ಹೋಳಿಗೆ ತಿಂದ ನಾಲಿಗೆಗೆ ಆ ಮುದ್ದೆ ಹಿಡಿಸದೆ ಕೆಂಚಪ್ಪನ ನಾಯಿಗೆ ಹಾಕಿದ್ದ, ನಾಯಿಯೂ ಮೂಸಿ ನೋಡಿ ಹೋಗಿತ್ತು. ಅದಾದ ಮೇಲೆ? ವೈಶಾಖದಲ್ಲಿ ಇಲ್ಲ. ಜ್ಯೇಷ್ಠದಲ್ಲಿ ಇಲ್ಲ. ಬೆರಳು ಮಡಿಸುತ್ತಾ ಹೋದ. ಎಂಟು ಬೆರಳು ಮಡಿಸಿದ ಮೇಲೆ ಅವನ ಬಾಯಲ್ಲಿದ್ದ ಅಡಿಕೆ ಅಲ್ಲೇ ನಿಂತಿತು. ಎಂಟು ತಿಂಗಳಿಂದ ಹಾಲಮ್ಮ ಹೊರಗೆ ಕೂತೇ ಇಲ್ಲ.

ಹೆಂಡತಿ ಹಾಲಮ್ಮನಿಗೆ ಆಗ ನಲವತ್ತೇಳು ವರ್ಷ. ಅಂಗಳದಲ್ಲಿ ಸಗಣಿ ತಟ್ಟುತ್ತಿದ್ದಳು. ಚಿಕ್ಕಬೀರಪ್ಪ ಬಾಗಿಲ ಮರೆಯಲ್ಲಿ ನಿಂತು, ಮೂವತ್ತು ವರ್ಷ ಪಳಗಿದ ಆ ಕಣ್ಣಿನಿಂದ ಅವಳನ್ನು ನೋಡಿದ. ಸೊಂಟ ಅಗಲವಾಗಿತ್ತು. ಹೊಟ್ಟೆ ಮುಂದೆ ಬಂದಿತ್ತು. ಏಳುವಾಗ ಮಂಡಿ ಹಿಡಿದು ಎದ್ದಳು. ದಸರೆಗೆ ಬಂದ ಬಳೆಗಾರ ಕೈ ಎರಡು ಅಳತೆ ದಪ್ಪವಾಗಿದೆ ಅಂದಿದ್ದು, ಕುಪ್ಪಸದ ಹೊಲಿಗೆ ಬಿಚ್ಚಿದ್ದು, ಮೈ ನಡುಗುವ ಚಳಿಯಲ್ಲಿ ಕಂಬಳಿ ಒದ್ದು ಹಾಕಿ ಬೆವರುತ್ತಿದ್ದದ್ದು, ಉಪ್ಪು ಕಮ್ಮಿ ಅಂದಿದ್ದಕ್ಕೆ ಸೌಟು ಎಸೆದದ್ದು, ಎಲ್ಲಾ ಒಂದರ ಹಿಂದೆ ಒಂದು ನೆನಪಾಯಿತು. ಹುಣಸೆಹಣ್ಣು ಬೇರೆ ತಿನ್ನುತ್ತಿದ್ದಳು. ಮದುವೆಯಾದ ದಿನದಿಂದಲೂ ತಿನ್ನುತ್ತಿದ್ದಳು ಎಂಬುದು ಮಾತ್ರ ಅವನಿಗೆ ಆಗ ಹೊಳೆಯಲಿಲ್ಲ. ಕಣ್ಣು ತೀರ್ಪು ಕೊಟ್ಟುಬಿಟ್ಟಿತು. ಗಬ್ಬ. ತುಂಬಿದ ಎಂಟು ತಿಂಗಳು.

ಬೇರೆ ಗಂಡಸಾಗಿದ್ದರೆ ನಾಚಿಕೊಳ್ಳುತ್ತಿದ್ದ, ಇಲ್ಲವೇ ಮೀಸೆ ತಿರುವುತ್ತಿದ್ದ. ಚಿಕ್ಕಬೀರಪ್ಪ ಮಾತ್ರ ಹೆದರಿ ಬಾಗಿಲು ಮುಂದಕ್ಕೆಳೆದುಕೊಂಡ. ಯಾಕೆಂದರೆ ಅವನ ತಾಯಿ ಸತ್ತದ್ದು ಹೀಗೆಯೇ. ಮಗನಿಗೆ ಮದುವೆಯಾದ ಮೇಲೆ, ನಲವತ್ತೈದು ದಾಟಿದ ಮೇಲೆ, ಬುಕ್ಕಾಂಬುಧಿಯ ಮನೆಯಲ್ಲಿ ಬಸಿರಾಗಿ ಹೆರಲಾರದೆ ಹೋದಳು. ಅಜ್ಜಂಪುರಕ್ಕೆ ಓಡಿ ಸೂಲಗಿತ್ತಿ ಹುಚ್ಚಮ್ಮನನ್ನು ಕರೆತಂದವನು ಇವನೇ. ಅಷ್ಟರಲ್ಲಿ ಮುಗಿದುಹೋಗಿತ್ತು. ಹುಚ್ಚಮ್ಮ ಕೈ ತೊಳೆದುಕೊಳ್ಳುತ್ತಾ, ಮೊದಲೇ ಹೇಳಬಾರದಿತ್ತಾ ಮಗ ಅಂದಿದ್ದಳು. ಆ ಮಾತು ಇಪ್ಪತ್ತೆಂಟು ವರ್ಷದಿಂದ ಅವನ ಎದೆಯಲ್ಲಿ ಕೂತಿತ್ತು.

ಹೆಂಡತಿಯನ್ನೇ ಒಂದು ಮಾತು ಕೇಳಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಕೇಳುವುದು ಅವನ ವಿದ್ಯೆಯಲ್ಲಿ ಇರಲಿಲ್ಲ. ಅವನ ದನಗಳಲ್ಲಿ ಒಂದನ್ನೂ ಅವನು ಯಾವತ್ತೂ ಕೇಳಿರಲಿಲ್ಲ. ಅದೂ ಅಲ್ಲದೆ, ಆ ದಿನ ಕೆಂಚಪ್ಪನನ್ನು ನಾಳೆ ಬಾ ಅಂತ ಕಳಿಸಿ, ಮಡಕೆಯನ್ನು ಹಾಗೇ ಅಟ್ಟಕ್ಕಿಟ್ಟು ಇಳಿಯುವಾಗ ರಾಗಿ ತುಂಬಿಡುವ ವಾಡೆಯಲ್ಲಿ ಒಂದು ಅರಿಸಿನ ಬಟ್ಟೆಯ ಮುಡಿಪು ಸಿಕ್ಕಿತು. ಹಾಲಮ್ಮ ಗಂಡನಿಗೆ ತಿಳಿಯದ ಹಾಗೆ ಮನೆದೇವರು ಅಂತರಘಟ್ಟೆ ಅಮ್ಮನಿಗೆ ಹರಕೆ ಹೊತ್ತಿದ್ದಾಳೆ. ಹೆರಿಗೆ ಸಲೀಸಾಗಲಿ ಅಂತಲ್ಲದೆ ಇನ್ಯಾತಕ್ಕೆ? ಅವಳಿಗೂ ಗೊತ್ತು, ನಾಚಿಕೆಗೆ ಬಾಯಿ ಬಿಡುತ್ತಿಲ್ಲ ಅಂತ ಅವನು ಲೆಕ್ಕ ಹಾಕಿದ.

ಮಾರನೇ ದಿನ ಕಡೂರಿನಿಂದ ದನದ ಡಾಕ್ಟರು ಷಡಕ್ಷರಿಯವರು ಕಾವಲಿಗೆ ಬಂದರು. ಕನ್ನಡಕ ಹಾಕಿದ, ಹೊಸದಾಗಿ ಓದಿ ಬಂದಿದ್ದ ಹುಮ್ಮಸ್ಸಿನ ಮನುಷ್ಯ. ಚಿಕ್ಕಬೀರಪ್ಪ ತಲೆ ಕೆರೆದುಕೊಳ್ಳುತ್ತಾ, ತನ್ನ ಮನೆಯಲ್ಲಿ ಒಂದು ಹಳೇ ಹಸು ಇದೆ, ಈ ವಯಸ್ಸಿನಲ್ಲಿ ಗಬ್ಬವಾಗಿದೆ, ಜೀವ ಉಳಿಯುತ್ತದಾ ಅಂತ ಕೇಳಿದ. ಡಾಕ್ಟರು ಜೇಬಿನಿಂದ ಸೀಸದ ಕಡ್ಡಿ ತೆಗೆದರು.

"ಎಷ್ಟು ಸೂಲು ಆಗಿದೆ?"

"ಐದು ಬುದ್ಧಿ. ಎರಡು ಉಳೀಲಿಲ್ಲ."

"ಹಲ್ಲು?"

"ಹಿಂದಿನವು ಎರಡು ಹೋಗವೆ."

"ಮೇವು ತಿನ್ನುತ್ತಾ?"

"ಮೊದ್ಲಿನಷ್ಟಿಲ್ಲ. ಆದ್ರೂ ಮೈ ಬರ್ತಾನೇ ಐತೆ."

"ಹಾಯುತ್ತಾ, ಒದೆಯುತ್ತಾ?"

"ಮೊನ್ನೆ ಸೌಟು..." ಎಂದ ಚಿಕ್ಕಬೀರಪ್ಪ ನಾಲಿಗೆ ಕಚ್ಚಿಕೊಂಡು, "ಒದೀತು ಬುದ್ಧಿ" ಅಂದ.

ಡಾಕ್ಟರು ಎಲ್ಲವನ್ನೂ ಬರೆದುಕೊಂಡು, ಅಷ್ಟು ವಯಸ್ಸಾದದ್ದು ಈಯುವಾಗ ಉಳಿಯುವುದು ಕಷ್ಟ ಎಂದರು. ಭಾರ ಹೊರಿಸಬೇಡ, ದೂರ ನಡೆಸಬೇಡ, ಚಳಿಗೆ ಬೆಚ್ಚಗಿಡು, ಬರುವ ಸೋಮವಾರ ನಾನೇ ಬಂದು ನೋಡುತ್ತೇನೆ ಅಂತಲೂ ಹೇಳಿದರು. ಬೇಡಿ ಬುದ್ಧಿ, ಹೊಸಬರನ್ನು ಕಂಡರೆ ಅದಕ್ಕಾಗುವುದಿಲ್ಲ ಎಂದು ಚಿಕ್ಕಬೀರಪ್ಪ ಗೋಗರೆದ. ಚಿಂತೆಯಿಲ್ಲ, ಹಗ್ಗ ತರುತ್ತೇನೆ ಅಂದರು ಡಾಕ್ಟರು.

ಸರ್ಕಾರದ ಡಾಕ್ಟರ ಅಪ್ಪಣೆ ಮೀರುವ ಜೀವ ಚಿಕ್ಕಬೀರಪ್ಪನದಲ್ಲ. ಮಾರನೇ ಬೆಳಿಗ್ಗೆ ಹಾಲಮ್ಮನ ಕೈಯಿಂದ ಬಿಂದಿಗೆ ಕಿತ್ತುಕೊಂಡು ತಾನೇ ಬಾವಿಗೆ ಹೋದ. ಗಂಡಸು ತಲೆಯ ಮೇಲೆ ಬಿಂದಿಗೆ ಹೊತ್ತು ಬರುವುದನ್ನು ಎಮ್ಮೆದೊಡ್ಡಿ ಅವತ್ತಿನವರೆಗೆ ಕಂಡಿರಲಿಲ್ಲ. ಬಾವಿಕಟ್ಟೆಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ದಾರಿ ಬಿಟ್ಟರು. ನೀರಿನಲ್ಲಿ ಅರ್ಧ ಬಿಂದಿಗೆಯಲ್ಲಿತ್ತು, ಅರ್ಧ ಚಿಕ್ಕಬೀರಪ್ಪನ ಮೈಮೇಲಿತ್ತು. ಕೆಂಚಪ್ಪ ಓಡಿ ಬಂದು, ಅಣ್ಣ, ನೀನು ಹಿಂಗೆ ನೀರು ಹೊತ್ರೆ ನಾಳೆ ನಮ್ಮನೇಲೂ ಕೇಳ್ತಾರೆ, ನಮ್ ಗತಿ ಏನು ಅಂತ ಅಂಗಲಾಚಿದ.

ರಾಗಿ ಬೀಸುವುದನ್ನೂ ಚಿಕ್ಕಬೀರಪ್ಪ ಬಿಡಿಸಿದ. ಸಂಜೆಯಾದರೆ ಮನೆಯಲ್ಲಿದ್ದ ಮೂರೂ ಕಂಬಳಿ ತಂದು ಹೆಂಡತಿಯ ಮೇಲೆ ಹೊದಿಸಿದ. ಅವಳು ಕಿತ್ತೆಸೆದಳು, ಇವನು ಮತ್ತೆ ಹೊದಿಸಿದ. ಮೈಯೆಲ್ಲ ಬೆಂಕಿ ಬಿದ್ದಂಗಾಗ್ತದೆ ಬಿಡಯ್ಯ ಎಂದು ಅವಳು ಅಂದಷ್ಟೂ ಇವನಿಗೆ ಡಾಕ್ಟರ ಮಾತು ನೆನಪಾಗಿ ಭಯ ಹೆಚ್ಚುತ್ತಿತ್ತು. ಮೂರನೇ ದಿನಕ್ಕೆ ಹಾಲಮ್ಮ ಬೈಯುವುದನ್ನೇ ಬಿಟ್ಟಳು. ಗಂಡ ನೀರು ತಂದಿಟ್ಟರೆ ಅವನ ಮುಖವನ್ನೇ ದಿಟ್ಟಿಸಿ ನೋಡುವಳು, ಮಾತಾಡಳು. ಒಂದು ಮಧ್ಯಾಹ್ನ ಹಿತ್ತಲಲ್ಲಿ ಒಬ್ಬಳೇ ಕೂತು ಅಳುತ್ತಿದ್ದದ್ದನ್ನು ಕಂಡ ಮೇಲೆ ಚಿಕ್ಕಬೀರಪ್ಪನಿಗೆ ಅನ್ನ ಸೇರದಾಯಿತು. ತಾಯಿಯೂ ಕಡೇ ತಿಂಗಳಲ್ಲಿ ಹೀಗೇ ಸುಮ್ಮನಾಗಿದ್ದಳು.

ಇನ್ನೊಂದು ತೊಡಕಿತ್ತು. ತರೀಕೆರೆಗೆ ಕೊಟ್ಟಿದ್ದ ಕಿರಿ ಮಗಳು ಕರಿಯಮ್ಮ ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಬೇಕು. ಹೆರುವವಳೇ ಬಾಣಂತನ ಮಾಡುವುದಾದರೂ ಹೇಗೆ? ಸಂತೆಗೆ ಹೊರಟವರ ಕೈಯಲ್ಲಿ ಚಿಕ್ಕಬೀರಪ್ಪ ಬೀಗರಿಗೆ ಹೇಳಿಕಳಿಸಿದ: ಈ ಸಲ ಬಾಣಂತನ ನಮ್ಮನೇಲಿ ಆಗಾಕಿಲ್ಲ, ಕಾರಣ ಕೇಳಬೇಡಿ. ಕಾರಣ ಕೇಳಬೇಡಿ ಎಂಬ ಮಾತು ಸೇರಿಸಿದ್ದು ಬುದ್ಧಿವಂತಿಕೆಯೆಂದೇ ಅವನು ತಿಳಿದಿದ್ದ. ಅದನ್ನು ಕೇಳಿದ ಮೇಲೆ ಬೀಗರ ಮನೆಯಲ್ಲಿ ಎರಡು ದಿನ ಯಾರೂ ಬೇರೆ ಮಾತೇ ಆಡಲಿಲ್ಲ.

ಭಾನುವಾರ ಚಿಕ್ಕಬೀರಪ್ಪ ಇಲಾಖೆ ಕೆಲಸ ಅಂತ ಹೆಂಡತಿಗೆ ಸುಳ್ಳು ಹೇಳಿ, ಕಡೂರಿನಲ್ಲಿ ರೈಲು ಹತ್ತಿ ಅಜ್ಜಂಪುರಕ್ಕೆ ಹೋದ. ಈ ಸಲ ಮೊದಲೇ ಹೇಳಬೇಕು, ಒಂದು ತಿಂಗಳು ಮೊದಲೇ ಕರೆತಂದು ಮನೆಯಲ್ಲೇ ಇರಿಸಿಕೊಳ್ಳಬೇಕು ಎಂಬುದೊಂದೇ ಅವನ ತಲೆಯಲ್ಲಿದ್ದದ್ದು. ಹುಚ್ಚಮ್ಮನಿಗೆ ಎಪ್ಪತ್ತು ದಾಟಿತ್ತು, ಕಣ್ಣು ಮಂಜು, ಕೈ ಮಾತ್ರ ಗಟ್ಟಿ. ಎಷ್ಟು ತಿಂಗಳು ಅಂದಳು. ಎಂಟು ಅಂದ. ಮಗಳಿಗೆಂದೇ ತಿಳಿದು, ಎಲೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಮಾರನೇ ದಿನ ಕಡೂರಿನಿಂದ ಗಾಡಿ ಹತ್ತಿ, ಕಾವಲಿನ ಗಡಿ ದಾಟಿದ ಮೇಲೆ, ಬಸುರಿ ಯಾರು ಎಂಬುದನ್ನು ಚಿಕ್ಕಬೀರಪ್ಪ ಬಾಯಿ ಬಿಟ್ಟ.

ಹುಚ್ಚಮ್ಮ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿದಳು. ಆಮೇಲೆ, "ಯಾರಾದ್ರೂ ಮುಟ್ಟಿ ನೋಡವ್ರೇನೋ?" ಎಂದಳು.

"ಇಲ್ಲ ಕಣವ್ವ, ನಾನೇ ನೋಡ್ದೆ. ದೂರದಿಂದ."

ಹುಚ್ಚಮ್ಮ ಗಾಡಿಯಾಚೆ ಪಿಚಕ್ಕನೆ ಉಗಿದಳು.

ಮನೆ ಮುಂದೆ ಆಗಲೇ ಎರಡು ಗಾಡಿ ನಿಂತಿದ್ದವು. ಹೆದರಿಕೆಯ ಗಡಿಬಿಡಿಯಲ್ಲಿ ಚಿಕ್ಕಬೀರಪ್ಪನಿಗೆ ಅವತ್ತು ಸೋಮವಾರ ಎಂಬುದೇ ಮರೆತುಹೋಗಿತ್ತು. ಅಂಗಳದ ಒಂದು ಬದಿಗೆ ತರೀಕೆರೆಯ ಬೀಗ ರಂಗಪ್ಪ ಕೊಟ್ಟ ನೀರನ್ನೂ ಮುಟ್ಟದೆ ನಿಂತಿದ್ದ. ಪಕ್ಕದಲ್ಲಿ ಮಗಳು ಕರಿಯಮ್ಮ ಮೂಗು ಒರೆಸಿಕೊಳ್ಳುತ್ತಿದ್ದಳು. ಇನ್ನೊಂದು ಬದಿಗೆ ಡಾಕ್ಟರು ಷಡಕ್ಷರಿ, ಹಗ್ಗ ಹಿಡಿದ ಇಬ್ಬರು ಆಳುಗಳು. ಬೇಲಿಯುದ್ದಕ್ಕೂ ಹಟ್ಟಿಯ ಜನ. ನಡುವೆ ಹಾಲಮ್ಮ ಒನಕೆ ಹಿಡಿದು ನಿಂತಿದ್ದಳು.

ನಮ್ಮನೇಲಿ ಹಸುವೇ ಇಲ್ಲ, ಇರೋದು ಎರಡು ಮೇಕೆ ಅಂತ ಅವಳು ಹೇಳುತ್ತಿದ್ದಳು. ಡಾಕ್ಟರು ನಂಬದೆ, ಬರೆದುಕೊಂಡಿದ್ದ ಕಾಗದ ತೆಗೆದು ಗಟ್ಟಿಯಾಗಿ ಓದಿದರು.

"ವಯಸ್ಸಾದ ಹಸು. ಐದು ಸೂಲು, ಎರಡು ಉಳಿದಿಲ್ಲ."

ಹಾಲಮ್ಮನ ಕೈ ಒನಕೆಯ ಮೇಲೆ ನಿಂತಿತು.

"ಹಿಂದಿನ ಎರಡು ಹಲ್ಲು ಹೋಗಿವೆ."

ಅವಳ ಕೈ ಮೆಲ್ಲಗೆ ಕೆನ್ನೆಗೆ ಹೋಯಿತು.

"ಮೇವು ಕಮ್ಮಿ, ಆದರೂ ಮೈ ಬರುತ್ತಿದೆ. ಎಂಟು ತಿಂಗಳ ಗಬ್ಬ. ಒದೆಯುತ್ತದೆ."

ಹಾಲಮ್ಮ ಗಂಡನ ಕಡೆ ತಿರುಗಿದಳು. ಬೇಲಿಯ ಹತ್ತಿರ ಕೆಂಚಪ್ಪನ ಹೆಂಡತಿಗೆ ಎಲ್ಲರಿಗಿಂತ ಮೊದಲು ಅರ್ಥವಾಗಿ ಸೆರಗು ಬಾಯಿಗೆ ತುರುಕಿಕೊಂಡಳು. ಬೀಗ ರಂಗಪ್ಪ ಸುತ್ತ ನೋಡಿ, ಮುಟ್ಟದೆ ಬಿಟ್ಟಿದ್ದ ನೀರಿನ ಚೊಂಬು ಎತ್ತಿ ಗಟಗಟ ಕುಡಿದು ಜಗಲಿಯ ಮೇಲೆ ಕೂತ. ಡಾಕ್ಟರಿಗೆ ಮಾತ್ರ ಇನ್ನೂ ತಿಳಿಯದೆ, ಹಗ್ಗ ಬೇಡವಾದರೆ ಹಾಗೇ ನೋಡುತ್ತೇನೆ, ಎಲ್ಲಿದೆ ತೋರಿಸಿ ಅಂದರು.

ಹಾಲಮ್ಮ ಒನಕೆ ಎತ್ತುತ್ತಾಳೆ ಅಂತಲೇ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಅವಳು ಒನಕೆ ಗೋಡೆಗೆ ಒರಗಿಸಿ, ಸಣ್ಣ ದನಿಯಲ್ಲಿ, "ಬಸುರಿ ಅಂದ್ಕೊಂಡ್ಯಾ?" ಎಂದು ಕೇಳಿದಳು. ಆ ದನಿ ಕೇಳಿ ಚಿಕ್ಕಬೀರಪ್ಪನಿಗೆ ಒನಕೆ ಪೆಟ್ಟೇ ವಾಸಿ ಅನ್ನಿಸಿತು. ಹುಚ್ಚಮ್ಮ ಯಾರನ್ನೂ ಕೇಳದೆ ಅವಳ ರಟ್ಟೆ ಹಿಡಿದು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡಳು.

ಹಾಕಿದ ಬಾಗಿಲ ಮುಂದೆ ಚಿಕ್ಕಬೀರಪ್ಪ ಕುಕ್ಕರುಗಾಲಿನಲ್ಲಿ ಕೂತ. ಬುಕ್ಕಾಂಬುಧಿಯಲ್ಲೂ ಹೀಗೇ ಕೂತಿದ್ದ, ಒಳಗೆ ಇದೇ ಹುಚ್ಚಮ್ಮ ಇದ್ದಳು. ಡಾಕ್ಟರಿಗೆ ಯಾರೋ ಕಿವಿಯಲ್ಲಿ ವಿಷಯ ಹೇಳಿದರು. ಅವರು ಕೆಂಪಾಗಿ, ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, ಆಳುಗಳಿಗೆ ಹಗ್ಗ ಗಾಡಿಯಲ್ಲಿಡಿ ಎಂದು ಸನ್ನೆ ಮಾಡಿದರು. ಒಳಗಿನಿಂದ ಅಳು ಕೇಳಿಸಿತು. ಚಿಕ್ಕಬೀರಪ್ಪ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಅಮ್ಮಾ ತಾಯಿ, ಇವಳೊಬ್ಬಳನ್ನು ಬಿಟ್ಟುಬಿಡು, ಇನ್ನೆಂದೂ ಯಾವ ಹಸುವನ್ನೂ ನೋಡಿ ಹೇಳುವುದಿಲ್ಲ ಅಂತ ಅಂತರಘಟ್ಟೆ ಅಮ್ಮನಿಗೆ ಮಾತು ಕೊಟ್ಟ. ಅವನಿಗಿದ್ದ ಆಸ್ತಿಯೆಲ್ಲ ಅದೊಂದೇ. ಅಷ್ಟರಲ್ಲಿ ಅಳು ಸ್ವಲ್ಪ ಬೇರೆ ಥರ ಕೇಳಿಸತೊಡಗಿತು. ಕಿವಿಗೊಟ್ಟ. ಒಳಗೆ ಇಬ್ಬರು ಹೆಂಗಸರು ಬಿದ್ದುಬಿದ್ದು ನಗುತ್ತಿದ್ದರು.

ಹುಚ್ಚಮ್ಮ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಬಸುರೂ ಇಲ್ಲ, ಗೆಡ್ಡೇನೂ ಇಲ್ಲ. ಮುಟ್ಟು ನಿಂತೈತೆ ಕಣೋ, ಅಷ್ಟೇಯ."

ಆಮೇಲೆ ಅಂಗಳದಲ್ಲಿದ್ದ ಗಂಡಸರಿಗೆಲ್ಲ ಕೇಳುವ ಹಾಗೆ ಹೇಳಿದಳು. ಈ ವಯಸ್ಸಿಗೆ ಎಲ್ಲಾ ಹೆಂಗಸರಿಗೂ ನಿಲ್ಲುತ್ತದೆ. ನಿಲ್ಲುವ ಕಾಲಕ್ಕೆ ಮೈ ಇದ್ದಕ್ಕಿದ್ದಂತೆ ಕಾಯುತ್ತದೆ, ಬೆವರುತ್ತದೆ, ನಿದ್ದೆ ಹತ್ತುವುದಿಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ, ಸಿಟ್ಟು ಬರುತ್ತದೆ. ತಿನ್ನದಿದ್ದರೂ ಸೊಂಟ, ಹೊಟ್ಟೆ ದಪ್ಪವಾಗುತ್ತದೆ. ಬಿಸಿ ತಾನಾಗಿ ಇಳಿಯುವುದಕ್ಕೆ ಕೆಲವು ವರ್ಷ ಬೇಕು, ಅಲ್ಲಿಯವರೆಗೆ ಮೇಲೆ ಕಂಬಳಿ ಹೇರಬೇಡಿ. ನಿಮ್ಮ ಅವ್ವಂದಿರಿಗೂ ಆಗಿತ್ತು, ಅವರು ಹೇಳಲಿಲ್ಲ, ನೀವು ಕೇಳಲಿಲ್ಲ ಎಂದಳು. ಅಂಗಳದ ಗಂಡಸರೆಲ್ಲ ನೆಲ ನೋಡಿದರು.

ಡಾಕ್ಟರು ಗಂಟಲು ಸರಿ ಮಾಡಿಕೊಂಡು, ಹಸುಗಳಿಗೆ ಹೀಗೆ ನಿಲ್ಲುವುದಿಲ್ಲ, ಮುದಿಯಾದರೂ ಈಯುತ್ತಲೇ ಇರುತ್ತವೆ, ನಮ್ಮ ಪುಸ್ತಕದಲ್ಲಿ ಇದಿಲ್ಲ ಅಂದರು. ಹೋದ ಜೀವ ಬಂದಂತಾದ ಚಿಕ್ಕಬೀರಪ್ಪ, ಹಂಗಾದ್ರೆ ಹಸು ವಿಚಾರದಲ್ಲಿ ನನ್ನ ಕಣ್ಣು ಇನ್ನೂ ತಪ್ಪಿಲ್ಲ ಅಂತಾಯ್ತಲ್ಲ ಬುದ್ಧಿ ಎಂದ. ಬಾಗಿಲಲ್ಲಿ ಬಂದು ನಿಂತಿದ್ದ ಹಾಲಮ್ಮನನ್ನು ಕಂಡು ಆ ಮಾತನ್ನು ಅಲ್ಲಿಗೇ ನಿಲ್ಲಿಸಿದ. ಅಮ್ಮನಿಗೆ ಕೊಟ್ಟ ಮಾತು ಆಗ ನೆನಪಾಯಿತು.

ಬೀಗರಿಗೆ ಊಟ ಹಾಕಿ, ಕ್ಷಮೆ ಕೇಳಿ, ಮಗಳನ್ನು ಬಾಣಂತನಕ್ಕೆ ಅಲ್ಲೇ ಉಳಿಸಿಕೊಂಡದ್ದಾಯಿತು. ಹುಚ್ಚಮ್ಮನೂ ಹೇಗೂ ಬಂದಿದ್ದೇನೆ ಅಂತ ಉಳಿದಳು. ಡಾಕ್ಟರು ಹಸಿದಿದ್ದರೂ ಊಟಕ್ಕೆ ನಿಲ್ಲಲಿಲ್ಲ.

ಮಾರನೇ ದಿನ ನಸುಕಿನಲ್ಲಿ ಕಂಬಳಿ ಒದ್ದ ಸದ್ದಾಯಿತು. ಚಿಕ್ಕಬೀರಪ್ಪ ಎದ್ದು ನೋಡಿದ. ಹಾಲಮ್ಮ ಎದ್ದು ಕೂತಿದ್ದಳು, ಹಣೆಯಿಂದ ಬೆವರು ಇಳಿಯುತ್ತಿತ್ತು. ಅವನು ಕಂಬಳಿಗೆ ಕೈ ಹಾಕಿದವನು ಬಿಟ್ಟು, ಮೂಲೆಯಲ್ಲಿದ್ದ ಮೊರ ತಂದು ಬೀಸತೊಡಗಿದ. ಒಂದಿಷ್ಟು ಹೊತ್ತು ಬೀಸಿ, ಮೂವತ್ತು ವರ್ಷದ ಸಂಸಾರದಲ್ಲಿ ಕೇಳದಿದ್ದ ಮಾತು ಕೇಳಿದ.

"ಹೆಂಗಾಯ್ತದೆ?"

"ಒಳಗಿಂದ ಒಲೆ ಹಚ್ಚಿದಂಗೆ. ಆಮೇಲೆ ಇಳೀತದೆ." ಅವಳೇ ಮತ್ತೆ ಅಂದಳು, "ಮೊದ್ಲೇ ಯಾಕ್ ಕೇಳ್ಲಿಲ್ಲ?"

"ನೀನು ಹೌದು ಅಂದ್ಬಿಟ್ರೆ ಅಂತ ಹೆದ್ರಿದ್ದೆ. ನೀನ್ಯಾಕ್ ಹೇಳ್ಲಿಲ್ಲ?"

ಹಾಲಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಅವಳ ಚಿಕ್ಕಮ್ಮ ಹೊಟ್ಟೆಯಲ್ಲಿ ಗೆಡ್ಡೆ ಬೆಳೆದು ಸತ್ತಿದ್ದಳು, ಹೀಗೇ ಹೊಟ್ಟೆ ಉಬ್ಬಿತ್ತು. ಮುಡಿಪು ಕಟ್ಟಿದ್ದು ಅದಕ್ಕೇ. "ನಿನ್ ಕಣ್ಣಿಗೆ ಎಲ್ಲಾ ಕಾಣ್ತದಲ್ಲ, ನನ್ ಸಾವೂ ಕಾಣ್ತದೆ ಅಂತ ದಿನಾ ನಿನ್ ಮುಖಾನೇ ನೋಡ್ತಿದ್ದೆ. ಅವತ್ತು ನೀನು ಬಿಂದಿಗೆ ಕಿತ್ಕೊಂಡು ನೀರಿಗೆ ಹೋದ್ಯಲ್ಲ, ಆಗ್ಲೇ ಗೊತ್ತಾಗೋಯ್ತು. ಇನ್ನು ನಾನು ಉಳಿಯಾಕಿಲ್ಲ ಅಂತ."

ಚಿಕ್ಕಬೀರಪ್ಪನ ಕೈಯಲ್ಲಿ ಮೊರ ನಿಂತಿತು. ನಿಲ್ಲಿಸಬೇಡ, ಬೀಸು ಅಂದಳು ಹಾಲಮ್ಮ. ಬೀಸಿದ. ಹೊರಗೆ ಬೆಳಕು ಹರಿಯುವ ಹೊತ್ತಿಗೆ ಅವಳ ಬೆವರು ಆರಿತು. ಅವಳು ಎದ್ದು ಕೂದಲು ಗಂಟು ಹಾಕಿಕೊಂಡು, ಅಟ್ಟದ ಕಡೆ ಕೈ ತೋರಿಸಿದಳು.

"ಆ ಮಡಕೆ ಇಳಿಸು. ತಿಂಗಳಿಗೆ ಮೂರು ದಿನ ನಂಗೆ ಕೂತು ತಿನ್ನೋ ಅಭ್ಯಾಸ."

"ನಿಂಗೆ ನಿಂತೋಯ್ತಲ್ಲೇ."

"ನಿಂತಿದ್ದು ನನ್ ಮುಟ್ಟು ಕಣಯ್ಯ. ನಿನ್ ಮುದ್ದೆ ನಿಲ್ಲು ಅಂತ ಯಾರಂದ್ರು?"

ಚಿಕ್ಕಬೀರಪ್ಪ ಮಡಕೆ ಇಳಿಸಿದ, ಹಲ್ಲಿಯ ಮೊಟ್ಟೆಗಳನ್ನು ಜೋಪಾನವಾಗಿ ಸಂದಿಯಲ್ಲಿಟ್ಟ, ಬಲೆ ಒರೆಸಿ ಒಲೆಯ ಮೇಲೆ ಎಸರಿಟ್ಟ. ಅವತ್ತಿನ ಮುದ್ದೆಯ ತುಂಬ ಗಂಟು. ಹಾಲಮ್ಮ ಎರಡು ಮುದ್ದೆ ಉಂಡಳು.